ನವಲಗುಂದದ ಜಮಖಾನೆಗೆ ಇಂಗ್ಲಿಷ್ ಮುಸುಕೇಕೆ?



ಕಳೆದ ತಿಂಗಳು ನವಲಗುಂದದ ಒಂದು ಜಮಖಾನೆ ಮನೆಗೆ ಹೋಗಿದ್ದೆವು. ಪಡಸಾಲೆಯಲ್ಲಿ ಮಗ್ಗ. ಮಗ್ಗದ ಮುಂದೆ ಅತ್ತೆ, ಸೊಸೆ. ಅರ್ಧ ನೇಯ್ದ ಜಮಖಾನೆಯಲ್ಲಿ ನವಿಲಿನ ಕುತ್ತಿಗೆ ಮೂಡಿತ್ತು, ಗರಿ ಇನ್ನೂ ಬರಬೇಕಿತ್ತು. ನಾವು ಪತ್ರಿಕೆಯವರು ಎಂದು ತಿಳಿದೊಡನೆ ಆ ತಾಯಿ ಮಗನ ಮೊಬೈಲ್ ತರಿಸಿ ನಮ್ಮ ಮುಂದೆ ಹಿಡಿದರು.

"ನೋಡ್ರಿ ಸರ, ನಮ್ಮ ಹುಡುಗ ಹುಬ್ಬಳ್ಳ್ಯಾಗ ವೆಬ್‌ಸೈಟ್ ಮಾಡಿಸ್ಯಾನ. ಹದಿನೆಂಟು ಸಾವಿರ ಕೊಟ್ಟೀವಿ. ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ."

ಓದಿದೆವು. ಓದಿ ತಲೆ ತಗ್ಗಿಸಿದೆವು. ಮೇಲೆ ದೊಡ್ಡದಾಗಿ "ವೆಲ್‌ಕಮ್ ಟು ದಿ ವರ್ಲ್ಡ್ ಆಫ್ ಲಗ್ಜುರಿ". ಕೆಳಗೆ ಯಾವುದೋ ದೇಶದ ಬಂಗಲೆ, ಬಿಳಿ ಸೋಫಾ, ಕಾಫಿ ಬಟ್ಟಲು ಹಿಡಿದು ನಗುವ ಒಬ್ಬ ವಿದೇಶಿ ಹೆಂಗಸು. ಅವಳ ಕಾಲಡಿಯ ಹಾಸು ನವಲಗುಂದದ್ದೇ ಅಲ್ಲ! ಜಮಖಾನೆ ಎಂಬ ಶಬ್ದ ಪುಟದಲ್ಲಿ ಎಲ್ಲಿಯೂ ಇಲ್ಲ. ದರ ಇಲ್ಲ, ಅಳತೆ ಇಲ್ಲ. ಆ ತಾಯಿ ನೇಯ್ದ ಒಂದೇ ಒಂದು ಜಮಖಾನೆಯ ಫೋಟೋ ಇಲ್ಲ. ಕೊನೆಯಲ್ಲಿ ಬೂದು ಬಣ್ಣದ ಇರುವೆಯಂಥ ಅಕ್ಷರದಲ್ಲಿ ಒಂದು ಫೋನ್ ನಂಬರು. ಅದಕ್ಕೆ ಕರೆ ಮಾಡಿ ನೋಡಿದೆವು. ಎತ್ತಿದವರು ವೆಬ್‌ಸೈಟ್ ಮಾಡಿಕೊಟ್ಟ ಡಿಸೈನರ್!

"ಎಂಟು ತಿಂಗಳಾತ್ರಿ. ಒಂದು ಫೋನ್ ಬಂದಿಲ್ಲ," ಎಂದರು ಆ ತಾಯಿ. ಹೇಗೆ ಬಂದೀತು?

ಇದು ಒಂದು ಮನೆಯ ಕಥೆ ಎಂದು ತಿಳಿಯಬೇಡಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಲ್ಲಿ ಇಂದು ಚಿಕ್ಕ ಅಂಗಡಿಯವನೂ ವೆಬ್‌ಸೈಟ್ ಬೇಕು ಎನ್ನುತ್ತಿದ್ದಾನೆ. ಬೇಕು, ಖಂಡಿತ ಬೇಕು. ಆದರೆ ಅವನಿಗೆ ಸಿಗುತ್ತಿರುವುದು ಏನು? ಎಲ್ಲಿಯೋ ತಯಾರಾದ ಇಂಗ್ಲಿಷ್ ಅಚ್ಚು. ಅದರಲ್ಲಿ ಅಂಗಡಿಯ ಹೆಸರು ಮಾತ್ರ ಬದಲಾಗುತ್ತದೆ. ನಿನ್ನೆ ದಂತವೈದ್ಯರಿಗೆ ಕೊಟ್ಟದ್ದನ್ನೇ ಇಂದು ಬೀಜ-ಗೊಬ್ಬರದ ಅಂಗಡಿಗೆ ಕೊಡುತ್ತಾರೆ. ಅದನ್ನು ಓದಬೇಕಾದ ಗಿರಾಕಿ ಕನ್ನಡಿಗ. ಮಾರುವವನು ಕನ್ನಡಿಗ. ಮಾಡಿಕೊಟ್ಟವನೂ ಬಹಳ ಸಲ ಕನ್ನಡಿಗನೇ! ಮೂವರೂ ಕೂಡಿ ಯಾರಿಗೋಸ್ಕರ ಇಂಗ್ಲಿಷ್ ಬರೆದಿದ್ದಾರೆ?

ಬೋರ್ಡಿಗೆ ಒಂದು ನ್ಯಾಯ, ಮೊಬೈಲಿಗೆ ಒಂದು ನ್ಯಾಯ

ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು ನಾವು ಬೀದಿಗಿಳಿದೆವು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಹೋರಾಟ ಎಲ್ಲರೂ ನೋಡಿದ್ದೀರಿ. 2024ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ಮಾಡಿತು. ಒಳ್ಳೆಯದಾಯಿತು. ಆದರೆ ಬಂಧುಗಳೇ, ಇಂದು ಗಿರಾಕಿ ಬೋರ್ಡು ನೋಡುವ ಮೊದಲೇ ಮೊಬೈಲ್ ನೋಡುತ್ತಾನೆ. ಬೋರ್ಡು ಬರೆಯುವ ಪೇಂಟರನನ್ನು ನಿಲ್ಲಿಸಿ ಕೇಳಿದ ಪ್ರಶ್ನೆಯನ್ನು ವೆಬ್‌ಸೈಟ್ ಮಾಡುವವನಿಗೆ ನಾವು ಕೇಳಿದೆವೇ?

2021ರ ಜೂನ್ ತಿಂಗಳು ನೆನಪಿರಲಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ನಾಡೆಲ್ಲ ಸಿಡಿದೆದ್ದಿತು. ಸರಕಾರ ಗುಡುಗಿತು. ಕಂಪನಿ ಕ್ಷಮೆ ಕೇಳಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಯಂತ್ರ ತನ್ನ ಹೊಟ್ಟೆಯಿಂದ ಉತ್ತರ ಹುಟ್ಟಿಸಲಿಲ್ಲ, ಎಲ್ಲಿಯೋ ಯಾವನೋ ಬರೆದಿಟ್ಟದ್ದನ್ನು ಎತ್ತಿ ತೋರಿಸಿತು. ನಾವು ಬರೆದು ಇಡದಿದ್ದರೆ ನಮ್ಮ ಬಗ್ಗೆ ಬೇರೆಯವರು ಬರೆದದ್ದೇ ಮೇಲೆ ಬರುತ್ತದೆ. ಜಮಖಾನೆಯ ವಿಷಯದಲ್ಲಿ ಆಗಿರುವುದೂ ಇದೇ.

ಕೇಳಿ. ಈ ಕಲೆಗೆ ಸರಕಾರಿ ಮುದ್ರೆ ಬಿದ್ದಿದೆ. ಭೌಗೋಳಿಕ ಗುರುತಿನ ಕಾಯ್ದೆ 1999ರಲ್ಲಿ ಬಂತು. ಅದರ ಅಡಿಯಲ್ಲಿ ನಮ್ಮ ಜಮಖಾನೆ ದಾಖಲಾಗಿದೆ. ಯಾವ ಹೆಸರಿನಲ್ಲಿ? "ನವಲಗುಂದ ಡರ್ರೀಸ್"! ವಿಜಾಪುರದ ಆದಿಲಶಾಹಿ ಕಾಲದಲ್ಲಿ ಈ ನೇಕಾರರ ಹಿರಿಯರು ಇತ್ತ ಬಂದರೆಂದು ಹೇಳುತ್ತಾರೆ. ಅಂದಿನಿಂದ ಊರ ಜನ, ಸಂತೆಯ ಜನ, ಮದುವೆ ಮನೆಯ ಜನ ಕರೆದದ್ದು ಜಮಖಾನೆ ಎಂದು. ರಿಜಿಸ್ಟರಿನಲ್ಲಿ ಬಂದದ್ದು ಡರ್ರಿ. ದೊಡ್ಡ ಪಟ್ಟಣದ ವ್ಯಾಪಾರಿ ಆ ಹೆಸರಿನಿಂದಲೇ ತನ್ನ ಪುಟದಲ್ಲಿ ಮಾರುತ್ತಾನೆ, ಗಿರಾಕಿ ಆ ಹೆಸರಿನಿಂದಲೇ ಹುಡುಕುತ್ತಾನೆ. ನೇಯ್ದ ಹೆಣ್ಣುಮಗಳ ಬಾಯಲ್ಲಿರುವ ಶಬ್ದ ಯಾವ ಪುಟದ ಮೂಲೆಯಲ್ಲಿದೆ?

ಆ ಮನೆಯಲ್ಲಿ ತಮ್ಮತಮ್ಮೊಳಗೆ ಆಡುವುದು ಉರ್ದು. ಗಿರಾಕಿ ಬಂದರೆ ಕನ್ನಡ. ಆ ತಾಯಿ ಹೇಳಿದ ಮಾತು ಇಷ್ಟೇ: "ದಂಧೆ ಕನ್ನಡದಾಗ ನಡೀತೈತಿ, ವೆಬ್‌ಸೈಟ್ ಯಾಕ ಇಂಗ್ಲಿಷ್‌ದಾಗ ಮಾಡಿದಾರೋ ಏನೋ!" ಕನ್ನಡದ ಹೆಸರಿನಲ್ಲಿ ವೇದಿಕೆ ಹತ್ತುವ ನಮ್ಮಂಥವರಿಗೆ ಹೊಳೆಯದ ಪ್ರಶ್ನೆ ಅದು.

ಮೂರು ಸಬೂಬು

ಹುಬ್ಬಳ್ಳಿಯ ಡಿಸೈನರ್‌ಗಳನ್ನು ಕೇಳಿದೆವು. ಒಬ್ಬರಲ್ಲ, ನಾಲ್ವರನ್ನು. ಎಲ್ಲರದ್ದೂ ಅದೇ ಮೂರು ಸಬೂಬು.

ಮೊದಲನೆಯದು: ಕನ್ನಡದಲ್ಲಿ ಯಾರೂ ಹುಡುಕುವುದಿಲ್ಲ. ಸ್ವಾಮಿ, ಊಟ ಬಡಿಸದೆ ಯಾರಿಗೂ ಹಸಿವಿಲ್ಲ ಎಂದರೆ ಹೇಗೆ? ಇಂದು ಹಳ್ಳಿಯ ಹುಡುಗ ಬೆರಳಲ್ಲಿ ಟೈಪ್ ಕೂಡ ಮಾಡುವುದಿಲ್ಲ, ಫೋನಿಗೆ ಬಾಯಲ್ಲೇ ಹೇಳುತ್ತಾನೆ, ಫೋನ್ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. "ಕಲಘಟಗಿ ತೊಟ್ಟಿಲ" ಎಂದು ಒಬ್ಬ ಅಜ್ಜಿ ಹೇಳಿದರೆ ಆ ಅಕ್ಷರಗಳು ಇರುವ ಪುಟವನ್ನೇ ಅದು ಮೊದಲು ಹುಡುಕುತ್ತದೆ. ತೊಟ್ಟಿಲು ಕೊಳ್ಳುವವರು ಯಾರು? ಮಗಳ ಬಾಣಂತನಕ್ಕೆ ತವರಿನವರು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಅದರ ಮೇಲೆ ರಾಮಾಯಣ ಮಹಾಭಾರತದ ಚಿತ್ರ. ಕಲಘಟಗಿಯಲ್ಲಿ ಅದನ್ನು ಮಾಡುವ ಚಿತ್ರಗಾರರ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಆ ಅಜ್ಜಿಗೆ "ಹ್ಯಾಂಡ್‌ಕ್ರಾಫ್ಟೆಡ್ ಹೆರಿಟೇಜ್ ಬೇಬಿ ಫರ್ನಿಚರ್" ಎಂದು ಬರೆದರೆ ತೊಟ್ಟಿಲು ಎಂದು ಗೊತ್ತಾಗುತ್ತದೆಯೇ?

ಎರಡನೆಯದು: ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಸರಿಯಾಗಿ ಕೂಡುವುದಿಲ್ಲ. ಇದು ಒಂದು ಕಾಲಕ್ಕೆ ನಿಜವಿತ್ತು. 90ರ ದಶಕದಲ್ಲಿ ಒಂದೊಂದು ಸಾಫ್ಟ್‌ವೇರಿನದು ಒಂದೊಂದು ದಾರಿ. ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡ ಅಕ್ಷರವನ್ನು ಬಾಡಿಗೆಗೆ ಇಟ್ಟಿದ್ದರು. ಅದೇ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಕಾಗೆ-ಗುಬ್ಬಿ ಗೀಚಿದಂತೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು! 2003ರಿಂದ ಕನ್ನಡ ವಿಕಿಪೀಡಿಯ ಅದರ ಮೇಲೆಯೇ ನಿಂತಿದೆ. ಇವತ್ತು ನೋಟೋ, ಅನೇಕ್, ಬಲೂ ತಮ್ಮ ಎಂಬ ಕನ್ನಡ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ. "ಹುಬ್ಬಳ್ಳಿ" ಎಂಬ ಹೆಸರಿನ ಕನ್ನಡ ಫಾಂಟೇ ಇದೆ! ಹುಬ್ಬಳ್ಳಿಯಲ್ಲಿ ಕುಳಿತ ಡಿಸೈನರ್‌ಗೆ ಹುಬ್ಬಳ್ಳಿ ಫಾಂಟ್ ಗೊತ್ತಿಲ್ಲ. ಇದಕ್ಕೇನೆನ್ನೋಣ?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕನ್ನಡ ಸಂಘಗಳು ಕರಪತ್ರವನ್ನು ಹಳೆಯ ಫಾಂಟಿನಲ್ಲಿ ಹೊಡೆದು, ಫೋಟೋ ಮಾಡಿ ಮೊಬೈಲಿನಲ್ಲಿ ಹಂಚುತ್ತವೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಚಿತ್ರ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಪುಟದ ಕನ್ನಡ ಸಾಲಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಶಬ್ದ ನೀಲಿಯಾಗಬೇಕು, ಕಾಪಿ ಮಾಡಿ ವಾಟ್ಸಾಪಿನಲ್ಲಿ ಹಾಕಿದರೆ ಕನ್ನಡವಾಗಿಯೇ ಬೀಳಬೇಕು. ಇಲ್ಲವಾದರೆ ಅದು ಕನ್ನಡದ ವೆಬ್‌ಸೈಟಲ್ಲ, ಕನ್ನಡದ ಕ್ಯಾಲೆಂಡರು. ಹಣ ಕೊಡಬೇಡಿ!

ಮೂರನೆಯ ಸಬೂಬು ಎಲ್ಲಕ್ಕಿಂತ ಕೆಟ್ಟದ್ದು: ಕನ್ನಡ ಹಾಕಿದರೆ ಅಂದ ಕೆಡುತ್ತದೆ, ಹಳ್ಳಿಯ ಕಳೆ ಬರುತ್ತದೆ. ಅಂದ ಕೆಡಿಸುವುದು ಕನ್ನಡವೋ, ನಿಮ್ಮ ಕೈಯೋ? ಇಂಗ್ಲಿಷ್ ಅಕ್ಷರ ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸ್ತ್ರೀ ಎಂಬ ಒಂದು ಅಕ್ಷರಕ್ಕೆ ಎರಡು ಒತ್ತು ಇಳಿಯುತ್ತವೆ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಬಟನ್ನಿನ ಡಬ್ಬಿಯೊಳಗೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ನಾವು ನೋಡಿದ ಒಂದು ಪುಟದಲ್ಲಿ "ಅಣ್ಣಿಗೇರಿ"ಯ ಒತ್ತು ಮಾಯವಾಗಿ "ಅಣಿಗೇರಿ" ಆಗಿತ್ತು! ಪಂಪನ ಊರೆಂದು ಹೆಮ್ಮೆ ಪಡುವ ಊರಿನ ಹೆಸರಿಗೆ ಈ ಗತಿ. ಸಾಲಿನ ನಡುವೆ ಇನ್ನಷ್ಟು ಜಾಗ ಬಿಡಿ, ಅಕ್ಷರ ಒಂದು ಅಳತೆ ದೊಡ್ಡದು ಮಾಡಿ. ಇಂಗ್ಲಿಷ್ ದೊಡ್ಡಕ್ಷರಗಳಂತೆ ಬಿಡಿಬಿಡಿಯಾಗಿ ಎಳೆಯಬೇಡಿ. ನಮ್ಮಲ್ಲಿ ದೊಡ್ಡಕ್ಷರ-ಸಣ್ಣಕ್ಷರವೂ ಇಲ್ಲ, ವಾಲಿಸಿ ಬರೆಯುವ ಪದ್ಧತಿಯೂ ಇಲ್ಲ. ದಪ್ಪ ಅಕ್ಷರ ಬೇಕಾದರೆ ನಿಜವಾದ ದಪ್ಪ ಫಾಂಟ್ ತನ್ನಿ, ಯಂತ್ರದಿಂದ ಉಬ್ಬಿಸಿದರೆ ಕನ್ನಡದ ದುಂಡು ಅಕ್ಷರದ ಹೊಟ್ಟೆಯೆಲ್ಲ ತುಂಬಿ ಮಸಿಯ ಹನಿಯಾಗುತ್ತದೆ. ನಮ್ಮ ಬೋರ್ಡ್ ಪೇಂಟರುಗಳಿಗೆ ಇದೆಲ್ಲ ಕೈಗೆ ಹತ್ತಿದ ವಿದ್ಯೆ. ಲಾರಿಯ ಹಿಂದೆ, ಗಿರಣಿಯ ಗೋಡೆಯ ಮೇಲೆ, ನಾಟಕದ ಪರದೆಯ ಮೇಲೆ ಅವರು ಬರೆದ ಕನ್ನಡ ನೋಡಿ, ಆಮೇಲೆ ಅಂದದ ಮಾತಾಡಿ.

ಬಂಡಿ ಹತ್ತಿದ ಮೆಣಸಿನಕಾಯಿ

ಇನ್ನು ಕೆಲವರು ಜಾಣರು. ಕನ್ನಡ ಬೇಕೇ? ತಗೊಳ್ಳಿ ಎಂದು ಇಂಗ್ಲಿಷನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿ ಅಂಟಿಸುತ್ತಾರೆ. ಕುಂದಗೋಳದ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಪುಟ ನೋಡಿದೆವು. ಮುಖಪುಟಕ್ಕೆ "ಮನೆ" ಎಂದಿದೆ. ಒತ್ತಿದರೆ ಯಾರ ಮನೆಗೆ ಹೋಗುತ್ತೇವೋ! ಕೊಳ್ಳುವ ಮಾಲು ಕೂಡಿಡುವ ಜಾಗಕ್ಕೆ "ಬಂಡಿಗೆ ಸೇರಿಸಿ". ರಿಯಾಯಿತಿ ದರಕ್ಕೆ "ಬಿಸಿ ವ್ಯವಹಾರಗಳು". ಸವಾಯಿ ಗಂಧರ್ವರ ಊರಿನಲ್ಲಿ ಇಂಥ ಅಪಸ್ವರ! ಮೆಣಸಿನಕಾಯಿ ಬಂಡಿ ಹತ್ತಿ ಹುಬ್ಬಳ್ಳಿ ಎಪಿಎಂಸಿಗೆ ಹೋಗುವುದು ನಿಜ, ಆದರೆ ಗಿರಾಕಿಗೆ ಅರ್ಥವಾಗಬೇಕಲ್ಲ.

ಇದಕ್ಕೆ ಪಂಡಿತರು ಬೇಕಿಲ್ಲ. ಗಿರಾಕಿ ಕಟ್ಟೆಯ ಮೇಲೆ ಕುಳಿತು ಕೇಳುವ ಪ್ರಶ್ನೆಗಳನ್ನೇ ಬರೆದುಕೊಳ್ಳಿ. ಏನೇನು ಮಾಲು ಐತಿ? ದರ ಎಷ್ಟು? ಊರಿಗೆ ಕಳಿಸ್ತೀರೇನು? ಬಾಡಿಗೆ ಯಾರದು? ಎಷ್ಟು ದಿನಕ್ಕ ಕೊಡ್ತೀರಿ? ಅಂಗಡಿ ಎಲ್ಲೈತಿ? ಇವಕ್ಕೆ ನೇರ ಉತ್ತರ ಕೊಟ್ಟರೆ ಮುಗಿಯಿತು, ವೆಬ್‌ಸೈಟಿನ ಮುಕ್ಕಾಲು ಕೆಲಸ ಆಯಿತು. ಪುಟ ತೆರೆದೊಡನೆ, ಬೆರಳು ಕೆಳಗೆ ಎಳೆಯುವ ಮೊದಲೇ, ಮಾಲಿನ ಹೆಸರು, ಊರಿನ ಹೆಸರು, ಒತ್ತಿದರೆ ಕರೆ ಹೋಗುವ ಫೋನ್ ನಂಬರು ಕಾಣಬೇಕು. "ಫೋನ್ ಮಾಡ್ರಿ" ಎಂದು ನಮ್ಮ ಭಾಷೆಯಲ್ಲೇ ಬರೆಯಿರಿ, ಯಾರ ಗಂಟೇನು ಹೋಗುತ್ತದೆ? ಹೆಸರು ಬರೆಯುವ ಜಾಗದಲ್ಲಿ ಕನ್ನಡ ಅಕ್ಷರ ಟೈಪ್ ಮಾಡಿ ನೋಡಿ. ಕೆಂಪು ಬಣ್ಣದಲ್ಲಿ ತಪ್ಪು ಎಂದು ಬೈದರೆ ಅಂಥ ಫಾರ್ಮು ಕಿತ್ತು ಹಾಕಿಸಿ. ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆದರೆ ತಪ್ಪು ಎನ್ನುವ ಪುಟಕ್ಕೆ ನಾವೇ ದುಡ್ಡು ಕೊಡಬೇಕೇ?

ಫೋಟೋದ ಮಾತು. ವಿದೇಶಿ ಹೆಂಗಸನ್ನು ಮೊದಲು ಮನೆಗೆ ಕಳಿಸಿ. ಜಮಖಾನೆಯನ್ನು ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ ಹಾಸಿ, ಪೂರ್ತಿ ಕಾಣುವಂತೆ ಒಂದು, ಅಂಚು ಮತ್ತು ನೇಯ್ಗೆ ಕಾಣುವಂತೆ ಹತ್ತಿರದಿಂದ ಒಂದು, ಮನುಷ್ಯ ಕುಳಿತಾಗ ಎಷ್ಟು ಅಗಲ ಎಂದು ತಿಳಿಯುವಂತೆ ಒಂದು ಫೋಟೋ ತೆಗೆಯಿರಿ. ನವಿಲಿನದು ಬೇರೆ, ಪಗಡೆ ಹಾಸಿನದು ಬೇರೆ, ನಮಾಜಿಗೆ ಹಾಸುವ ಚಿಕ್ಕದು ಬೇರೆ. ಪ್ರತಿಯೊಂದರ ಕೆಳಗೆ ಹೆಸರು, ಅಡಿಯಲ್ಲಿ ಉದ್ದ-ಅಗಲ, ದರ, ಹೇಗೆ ತೊಳೆಯಬೇಕು ಎಂಬುದು. ಮಗ್ಗದ ಫೋಟೋ ಇರಲಿ, ನೇಯುವ ಕೈಗಳ ಫೋಟೋ ಇರಲಿ. ಮುಖ ತೋರಿಸುವುದು ಬಿಡುವುದು ಆ ಹೆಣ್ಣುಮಕ್ಕಳ ಇಷ್ಟ, ಅವರನ್ನು ಕೇಳದೆ ಹಾಕಬೇಡಿ. ಒಂದೊಂದು ಫೋಟೋ ಐದು ಎಂಬಿ ಇಟ್ಟರೆ ನೆಟ್‌ವರ್ಕ್ ಬರುವುದು ಹೋಗುವುದು ಮಾಡುವ ಊರಿನಲ್ಲಿ ಪುಟ ಚಕ್ರ ತಿರುಗುತ್ತಾ ಕೂರುತ್ತದೆ. ಇನ್ನೂರು ಕೆಬಿಯೊಳಗೆ ಇಳಿಸಿದರೂ ಮೊಬೈಲಿಗೆ ಚೊಕ್ಕಟವಾಗಿಯೇ ಕಾಣುತ್ತದೆ. ಕುಣಿಯುವ ಅಕ್ಷರ, ಹಾರುವ ಹೂವು, ತಾನೇ ಹಾಡುವ ಸಂಗೀತ ಬೇಡವೇ ಬೇಡ.

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಪುಣೆಯವನು, ಚೆನ್ನೈಯವನು, ಅಮೆರಿಕದವನು ಜಮಖಾನೆ ಕೊಂಡರೆ ಸಂತೋಷ. ಅವರಿಗೆ ಎರಡನೆಯ ಪುಟ ಇಂಗ್ಲಿಷಿನಲ್ಲಿ ಇರಲಿ. ಅಲ್ಲಿಯೂ ಮೊದಲು ಜಮಖಾನೆ ಎಂದೇ ಬರೆದು, ಆಮೇಲೆ ಅದೇನೆಂದು ವಿವರಿಸಲಿ. ಸೀರೆಗೆ, ದೋಸೆಗೆ ಜಗತ್ತು ನಮ್ಮ ಶಬ್ದ ಕಲಿಯಿತು, ಜಮಖಾನೆಗೂ ಕಲಿಯುತ್ತದೆ. ನಮ್ಮ ತಕರಾರು ಮೊದಲ ಪಂಕ್ತಿಯದು. ಕೆಲವು ತಯಾರಿ ಅಚ್ಚುಗಳಲ್ಲಿ ಮೇಲೆ ಎರಡೇ ಭಾಷೆ: ಇಂಗ್ಲಿಷ್, ಹಿಂದಿ. ನವಲಗುಂದದ ಅಂಗಡಿಯಲ್ಲಿ ಕನ್ನಡಕ್ಕೆ ಬಾಗಿಲೇ ಇಲ್ಲ! 19ನೆಯ ಶತಮಾನದಲ್ಲಿ ಇದೇ ಧಾರವಾಡ ಸೀಮೆಯ ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕೂರುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗೆ ಹೋರಾಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಆ ಹಿರಿಯರು ಗಳಿಸಿಕೊಟ್ಟ ಜಾಗವನ್ನು ನಾವು ಒಂದು ಬಟನ್ನಿನ ಸೋಮಾರಿತನಕ್ಕೆ ಬಿಟ್ಟುಕೊಡುತ್ತಿದ್ದೇವೆ.

ಮನೆ ನಿಮ್ಮದು, ಕೀಲಿ ಯಾರ ಬಳಿ?

ಕೊನೆಗೆ ಎಲ್ಲರೂ ಮರೆಯುವ ಸಂಗತಿ. ವೆಬ್‌ಸೈಟಿನ ಹೆಸರನ್ನು ವರ್ಷ ವರ್ಷ ನೋಂದಾಯಿಸಬೇಕು. ಸಾಧಾರಣ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಅದು ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ, ಯಾರ ಫೋನ್ ನಂಬರಿನಲ್ಲಿ ಇದೆ ಎಂದು ಕೇಳಿ. ಡಿಸೈನರ್ ತನ್ನ ಹೆಸರಿನಲ್ಲಿ ಮಾಡಿಕೊಂಡಿದ್ದರೆ ನೀವು ಕಟ್ಟಿಸಿದ ಮನೆಯಲ್ಲಿ ನೀವೇ ಬಾಡಿಗೆದಾರರು. ನಾಳೆ ಜಗಳವಾದರೆ, ಅವನು ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋದರೆ, ನಿಮ್ಮ ಹೆಸರು ಅವನ ಜೊತೆಗೇ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಮಾಡಿಸಿ, ಪಾಸ್‌ವರ್ಡ್ ಬರೆಸಿಕೊಂಡು ಟ್ರಂಕಿನಲ್ಲಿ ಪಹಣಿ ಪತ್ರದ ಜೊತೆ ಇಡಿ. ಈಗ ಹೆಸರನ್ನೇ ಕನ್ನಡ ಲಿಪಿಯಲ್ಲಿ, ಕೊನೆಗೆ ಚುಕ್ಕೆ ಭಾರತ ಎಂದು ಕನ್ನಡದಲ್ಲೇ ಪಡೆಯಬಹುದು. ಹಳೆಯ ರೀತಿಯ ಇಂಗ್ಲಿಷ್ ಅಕ್ಷರದ ಹೆಸರೂ ಜೊತೆಗಿರಲಿ, ಎರಡೂ ಒಂದೇ ಪುಟಕ್ಕೆ ಬಂದು ಸೇರಲಿ.

ಆ ಜಮಖಾನೆ ಮನೆಯ ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. ಪಾಸ್‌ವರ್ಡ್ ಅವನ ಬಳಿ ಇಲ್ಲ. ಹೆಸರು ಡಿಸೈನರನದು. ಫೋನ್ ನಂಬರು ಬದಲಾಯಿಸಲು ಮೂರು ಸಾವಿರ, ಕನ್ನಡ ಹಾಕಲು ಹತ್ತು ಸಾವಿರ ಕೇಳಿದ್ದಾನಂತೆ. ರಸೀದಿ ಇದೆಯೇ ಎಂದೆವು. ಇದೆ. ಅದರಲ್ಲಿ ಹೆಸರಿನ ನೋಂದಣಿಗೆಂದು ಹಣ ಪಡೆದದ್ದು ಬರೆದಿದೆ.

ಅಂದೇ ಸಂಜೆ ಹುಡುಗ, ಅವನ ಹೆಂಡತಿ ಮತ್ತು ನಾವು ಕುಳಿತು ಪುಟಕ್ಕೆ ಬೇಕಾದ ಮಾತನ್ನು ಕನ್ನಡದಲ್ಲಿ ಬರೆದೆವು. ಬರೆಸಿದ್ದು ಬಹುಪಾಲು ಮಗ್ಗದ ಮುಂದೆ ಕುಳಿತ ಅತ್ತೆಯೇ. ಒಟ್ಟು ಒಂದೂವರೆ ಹಾಳೆ ಆಯಿತು. ಫೋಟೋ ಹನ್ನೆರಡು. ಬರುವ ಸೋಮವಾರ ರಸೀದಿ, ಹಾಳೆ ಎರಡನ್ನೂ ಹಿಡಿದು ಹುಬ್ಬಳ್ಳಿಗೆ ಹೊರಟಿದ್ದೇವೆ. ಹೆಸರನ್ನು ಮನೆಯವರಿಗೆ ವರ್ಗಾಯಿಸಿಕೊಡಿ ಎಂದು ಕೇಳುತ್ತೇವೆ. ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ದೂರಿನ ಅರ್ಜಿಯೂ ಸಿದ್ಧವಾಗಿದೆ, ಕನ್ನಡದಲ್ಲಿ. ನಿಮ್ಮ ಅಂಗಡಿಯ ವೆಬ್‌ಸೈಟಿನದೂ ಇದೇ ಕಥೆಯಾಗಿದ್ದರೆ ರಸೀದಿ ಹುಡುಕಿ ತೆಗೆದಿಡಿ.